ಓಡಲು ಇನ್ನೂರು ಮೀಟರ್, ನಿಲ್ಲಲು ಇನ್ನೂರೈವತ್ತು

ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು: 'ನಿಮ್ಮಪ್ಪಗ ಕಾರ್ ಹೊಡ್ಯಾಕ ಬರೂದಿಲ್ಲ.' ಬೈಲಹೊಂಗಲದ ಹತ್ತಿ ಪೇಟೆಗೆ ಅಪ್ಪ ಸೈಕಲ್ ಮೇಲೆ ಹೋಗುತ್ತಿದ್ದ. ಆಮೇಲೆ ಲೂನಾ ಬಂತು, ಅದಾದ ಮೇಲೆ ಸ್ಕೂಟರ್. ಮದುವೆ, ಜಾತ್ರೆ ಏನೇ ಇದ್ದರೂ ಬಾಡಿಗೆ ಗಾಡಿ. ಅಪ್ಪ ಡ್ರೈವರ್ ಪಕ್ಕದಲ್ಲಿ ಕೂಡುತ್ತಿರಲಿಲ್ಲ, ಯಾವಾಗಲೂ ಹಿಂದೆ.

ಇದರಲ್ಲಿ ಒಂದು ವಿಚಿತ್ರ ಇತ್ತು. ನಮ್ಮ ಹಿತ್ತಲಿನಲ್ಲೇ ಒಂದು ಕಾರು ನಿಂತಿತ್ತು. ಹತ್ತಿ ಅಂಡಿಗೆಯ ತಾಡಪಾಲು ಹೊದ್ದುಕೊಂಡು, ನಾಲ್ಕೂ ಗಾಲಿ ಮಣ್ಣಿನಲ್ಲಿ ಹುಗಿದುಕೊಂಡು. ನಾನು ಸಣ್ಣವಳಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂಡುತ್ತಿತ್ತು. ಬಾನೆಟ್ಟಿನ ತುದಿಗೆ ಕೊಂಬು ಸುರುಳಿಯಾದ ಒಂದು ಟಗರಿನ ಗೊಂಬೆ ಇತ್ತು. ಓಣಿಯ ಹುಡುಗರು ಅದನ್ನು 'ಟಗರಿನ ಗಾಡಿ' ಎನ್ನುತ್ತಿದ್ದರು. ಮುಂದಿನ ಬಂಪರ್ ಒಂದು ಬದಿಗೆ ಸೊಟ್ಟಗಾಗಿತ್ತು. ಯಾಕೆ ಎಂದು ಕೇಳಿದರೆ 'ಎಮ್ಮಿ ಹಾದಿತ್ತು' ಎಂದು ಅಪ್ಪ ಎದ್ದು ಹೋಗುತ್ತಿದ್ದ. ಕಬ್ಬಿಣದ ಬಂಪರ್ ಬಗ್ಗಿಸುವ ಎಮ್ಮೆ ಎಷ್ಟು ದೊಡ್ಡದಿದ್ದೀತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಅದು 1951ರ ಡಾಜ್ ಕಿಂಗ್ಸ್‌ವೇ. ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿ. ಆದರೆ ಜೋಡಣೆಯಾದದ್ದು ಮುಂಬೈನ ಕುರ್ಲಾದಲ್ಲಿ, ವಾಲಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ. ಆಗ ನಮ್ಮ ಬೈಲಹೊಂಗಲವೂ ಮುಂಬೈ ರಾಜ್ಯದಲ್ಲೇ ಇತ್ತು. ಹತ್ತಿ ದಲಾಲಿ ಮಾಡುತ್ತಿದ್ದ ಅಜ್ಜ 1963ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಪ್ರತಿ ವರ್ಷ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಮದುವೆ ಸೀರೆಗೆ ರಾಮದುರ್ಗಕ್ಕೆ, ನೆಂಟರು ಬಂದರೆ ಕಿತ್ತೂರು ಕೋಟೆ ತೋರಿಸಲಿಕ್ಕೆ, ಎಲ್ಲಾ ಕಡೆ ಈ ಟಗರೇ ಹೋಗುತ್ತಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅದು ನಿಂತು ವರ್ಷಗಳೇ ಆಗಿದ್ದವು.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸ. 2019ರಲ್ಲಿ ಒಂದು ರಾತ್ರಿ ಪಿ.ಜಿ.ಯ ಮಂಚದ ಮೇಲೆ ಮಲಗಿ ಫೋನ್ ನೋಡುತ್ತಿದ್ದೆ. ಅಮೆರಿಕದ ಯಾವುದೋ ಟ್ರ್ಯಾಕ್. ಅಗಲ ಹಿಂದಿನ ಗಾಲಿಯ ಒಂದು ಹಳೇ ಸೆಡಾನ್ ಹೊಗೆ ಎಬ್ಬಿಸಿತು, ದೀಪ ಹಸಿರಾಯಿತು, ಮುಂದಿನ ಎರಡೂ ಗಾಲಿ ಗಾಳಿಯಲ್ಲಿ ಎದ್ದು ಗಾಡಿ ಬಾಣದ ಹಾಗೆ ಹೋಯಿತು. ವಿಡಿಯೊ ಮತ್ತೆ ಹಾಕಿದೆ, ನಿಲ್ಲಿಸಿದೆ, ಹಿಗ್ಗಿಸಿ ನೋಡಿದೆ. ಗುಂಡಗಿನ ಮೂತಿ, ಉಬ್ಬಿದ ಮಡ್‌ಗಾರ್ಡ್, ಎರಡು ಭಾಗದ ಮುಂದಿನ ಗಾಜು. 'ಇದು ನಮ್ಮ ಟಗರು!' ಎಂದು ಎದ್ದು ಕೂತೆ. ರೂಮ್‌ಮೇಟ್ ಹೆದರಿ ಲೈಟ್ ಹಾಕಿದಳು.

ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ: ಆ ಡಾಜ್‌ನಿಂದ ಒಂದು ಡ್ರ್ಯಾಗ್ ರೇಸ್ ಗಾಡಿ ಕಟ್ಟಬೇಕು.

ಡ್ರ್ಯಾಗ್ ರೇಸ್ ಎಂದರೆ ಸುತ್ತು ಹೊಡೆಯುವ ರೇಸಲ್ಲ. ನೆಟ್ಟಗಿನ ದಾರಿ, ನಿಂತಲ್ಲಿಂದ ಶುರು, ಎರಡು ಗಾಡಿ ಅಕ್ಕಪಕ್ಕ. ದೂರ ಕಾಲು ಮೈಲಿ, ಅಂದರೆ 402 ಮೀಟರ್, ಇಲ್ಲವೇ ಅದರ ಅರ್ಧ 201 ಮೀಟರ್. ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದರು. ನಮ್ಮ ಕಡೆ ಕಾರ ಹುಣ್ಣಿಮೆಗೆ ಕರಿ ಹರಿಯುವುದನ್ನು ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಸಿಂಗಾರ ಮಾಡಿದ ಎತ್ತುಗಳನ್ನು ಬಿಡುತ್ತಾರೆ, ಅಗಸಿ ಬಾಗಿಲ ತನಕ ಒಂದೇ ಉಸಿರಿಗೆ ಓಟ, ಯಾವ ಬಣ್ಣದ ಎತ್ತು ಮುಂದೆ ಬಂತು ಎನ್ನುವುದರ ಮೇಲೆ ಮುಂಗಾರಿಯೋ ಹಿಂಗಾರಿಯೋ ಎಂಬ ಲೆಕ್ಕ. ಅಮೆರಿಕದಲ್ಲಿ ಇದನ್ನು ಶುರು ಮಾಡಿದ್ದೂ ನಮ್ಮಂಥ ಹುಡುಗರೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಗುವ ಹಳೇ ಕಾರು ಬಿಚ್ಚಿ ಹಗುರ ಮಾಡಿ ರಸ್ತೆ ಮೇಲೆ ಓಡಿಸುತ್ತಿದ್ದರು. ರಸ್ತೆಯಲ್ಲಿ ಜನ ಸಾಯತೊಡಗಿದಾಗ ಅವರನ್ನು ವಿಮಾನದ ರನ್‌ವೇಗಳಿಗೆ ಕರೆದೊಯ್ಯಲಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ನಿಯಮ ತಂದರು. ನಮ್ಮ ಡಾಜ್ ಮತ್ತು ಆ ಸಂಸ್ಥೆ ಒಂದೇ ವರ್ಷದ ಮಕ್ಕಳು.

ನಮ್ಮ ದೇಶದಲ್ಲೂ ಡ್ರ್ಯಾಗ್ ಇದೆ. ಲೋನಾವಳಾ ಹತ್ತಿರದ ಆಂಬಿ ವ್ಯಾಲಿಯ ರನ್‌ವೇಯಲ್ಲಿ, ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ನಡೆಯುತ್ತದೆ. ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು, ಗಾಡಿ ಪರೀಕ್ಷೆ ಆಗಬೇಕು. ರಸ್ತೆ ಮೇಲೆ ಮಾಡಿದರೆ ಅದು ಅಪರಾಧ, ಮೋಟಾರು ವಾಹನ ಕಾಯ್ದೆಯ 189ನೇ ಕಲಮು. ಇದೆಲ್ಲಾ ಓದಿ ಎಕ್ಸೆಲ್ ಶೀಟ್ ಮಾಡಿದೆ. ಎಂಜಿನ್, ಗೇರ್‌ಬಾಕ್ಸ್, ಟೈರ್, ಸೀಟು ಎಲ್ಲಕ್ಕೂ ಒಂದೊಂದು ಸಾಲು. ಆ ಶೀಟಿನಲ್ಲಿ ಬ್ರೇಕಿಗೆ ಇದ್ದದ್ದು ಕೊನೆಯ ಸಾಲು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಲ್ಯಾಪ್‌ಟಾಪ್ ಹೊತ್ತು ಬೈಲಹೊಂಗಲಕ್ಕೆ ಬಂದೆ. ಸಂಜೆ ಐದರ ಮೇಲೆ ಮಾಡಲು ಕೆಲಸವಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲಾ ಹೇಳಿದೆ, ವಿಡಿಯೊ ತೋರಿಸಿದೆ. ಗಾಲಿ ಎದ್ದದ್ದು ನೋಡಿದ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

'ಬ್ಯಾಡ' ಎಂದ. ಸ್ವಲ್ಪ ಹೊತ್ತಿನ ಮೇಲೆ, 'ಬಿಚ್ಚಿ ನೋಡಬೇಕಂದ್ರ ನೋಡು. ಓಡಸೂ ಮಾತ ಬ್ಯಾಡ' ಎಂದ.

ಅವ್ವ ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: 'ಮನ್ಯಾಗ ಕಾರ್ ಇಟಗೊಂಡು ನಿಮ್ಮಪ್ಪ ನನ್ನ ಮದುವಿಗೆ ಟೆಂಪೋದಾಗ ಬಂದಿದ್ದ. ಯಾಕಂತ ನಾನೂ ಕೇಳಿಲ್ಲ.'

ಬಿಚ್ಚಲು ಅಪ್ಪಣೆ ಸಿಕ್ಕಿತಲ್ಲ, ಅಷ್ಟು ಸಾಕಿತ್ತು. ನಮ್ಮ ಓಣಿಯಲ್ಲೇ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ. ಟ್ರಕ್ ಕೆಲಸ ಮಾಡಿ ಕೈ ಬಿಟ್ಟವರು. ಬಾಯಿಗೆ ಟವೆಲ್ ಕಟ್ಟಿಕೊಂಡು ಬಂದು, ನಾನು ಸ್ಪಾನರ್ ಹಿಡಿದದ್ದನ್ನು ಒಂದು ತಾಸು ಸುಮ್ಮನೆ ನೋಡಿದರು. ಆಮೇಲೆ 'ತಂಗಿ, ಆ ಕಡೆಯಿಂದ ಹಿಡಿ' ಎಂದರು. ಅವತ್ತಿನಿಂದ ನಾವಿಬ್ಬರೂ ಪಾರ್ಟ್‌ನರ್.

ಬಲಗಡೆಯ ಗಾಲಿಗಳು ಸೀಮೆಎಣ್ಣೆ ಕುಡಿದು ಎರಡು ದಿನಕ್ಕೆ ಬಿಚ್ಚಿಕೊಂಡವು. ಎಡಗಡೆಯವು ಜಪ್ಪಯ್ಯ ಅನ್ನಲಿಲ್ಲ. ನಾಲ್ಕು ಅಡಿ ಪೈಪು ಸಿಕ್ಕಿಸಿ ಜಗ್ಗಿದೆವು. ಒಂದು ಬೋಲ್ಟು ಕಟಕ್ಕೆಂದು ಮುರಿಯಿತು. ಮಿಸ್ತ್ರಿ ಬೆವರು ಒರೆಸಿಕೊಂಡು ಹಣೆಬರಹ ಬೈಯುತ್ತಿದ್ದರು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

'ಉಲ್ಟಾ ತಿರವ್ರಿ' ಎಂದ.

ನಾವಿಬ್ಬರೂ ತಿರುಗಿ ನೋಡಿದೆವು.

'ಎಡಗಡಿ ಗಾಲಿ ಬೋಲ್ಟ್ ಉಲ್ಟಾ ಆಟೆ ಇರ್ತಾವ. ಬಿಗಿ ಮಾಡೂ ಕಡೆ ತಿರವಿದ್ರ ಬಿಚ್ಚತಾವ.'

ತುಕ್ಕು ಕೆರೆದು ನೋಡಿದರೆ ಬೋಲ್ಟಿನ ತಲೆಯ ಮೇಲೆ 'ಎಲ್' ಅಕ್ಷರ. ಆ ಕಾಲದ ಕ್ರೈಸ್ಲರ್ ಗಾಡಿಗಳೆಲ್ಲ ಹಾಗೇ. ಓಡುವಾಗ ಬೋಲ್ಟು ತಾನಾಗಿ ಸಡಿಲಾಗಬಾರದು ಎಂದು ಎಡಗಡೆಗೆ ಎಡ ಆಟೆ. ನಾನು ಇಂಜಿನಿಯರ್, ಮಿಸ್ತ್ರಿಗೆ ಐವತ್ತು ವರ್ಷದ ಅನುಭವ, ಇಬ್ಬರಿಗೂ ಗೊತ್ತಿರಲಿಲ್ಲ. ಕಾರು ಹೊಡೆಯಲು ಬಾರದ ಅಪ್ಪನಿಗೆ ಗೊತ್ತಿತ್ತು. ನಾನು ಏನನ್ನೂ ಕೇಳಲಿಲ್ಲ. ಅಪ್ಪ ಒಳಗೆ ಹೋದ.

ಹಿಂದಿನ ಬ್ರೇಕ್ ಡ್ರಮ್‌ಗಳದ್ದು ಇನ್ನೊಂದು ಕಥೆ. ಈ ಗಾಡಿಯಲ್ಲಿ ಹಿಂದಿನ ಆಕ್ಸಲ್ ತುದಿ ಶಂಕುವಿನ ಆಕಾರಕ್ಕೆ ಚೂಪಾಗಿದೆ, ಡ್ರಮ್ ಅದರ ಮೇಲೆ ಕಚ್ಚಿಕೊಂಡು ಕೂತಿರುತ್ತದೆ. ಸುತ್ತಿಗೆಯಿಂದ ಬಡಿದರೆ ಡ್ರಮ್ ಒಡೆಯುತ್ತದೆ ಹೊರತು ಬರುವುದಿಲ್ಲ. ಅದಕ್ಕೆ ಬೇರೆಯೇ ಪುಲ್ಲರ್ ಬೇಕು. ಲಾಕ್‌ಡೌನ್ ಸಡಿಲಾದ ಮೇಲೆ ನಾನೇ ಡ್ರಾಯಿಂಗ್ ಮಾಡಿ, ಬೆಳಗಾವಿ ಉದ್ಯಮಬಾಗದ ಒಂದು ಲೇತ್ ಶಾಪಿನಲ್ಲಿ ಮಾಡಿಸಿಕೊಂಡು ಬಂದೆ. ಬಿಗಿ ಮಾಡಿ ಒಂದು ರಾತ್ರಿ ಹಾಗೇ ಬಿಟ್ಟೆವು. ಬೆಳಗಿನ ಜಾವ ಹಿತ್ತಲಲ್ಲಿ ಬಂದೂಕು ಹಾರಿದಂತೆ ಸಪ್ಪಳ. ಎಡಗಡೆ ಹಿಂದಿನ ಡ್ರಮ್ ಕಳಚಿಕೊಂಡಿತ್ತು.

ಒಳಗೆ ನೋಡಿದೆ. ವೀಲ್ ಸಿಲಿಂಡರ್ ಎಂಬ ಬೆರಳುದ್ದದ ಒಂದು ಭಾಗ ಇರುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ಅದಕ್ಕೆ ಬಂದು ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಎಣ್ಣೆ ಹೊರಗೆ ಬರದಂತೆ ತಡೆಯಲು ಒಳಗೊಂದು ರಬ್ಬರ್ ಬಟ್ಟಲು, ಹೆಬ್ಬೆರಳಿನಷ್ಟು. ಆ ರಬ್ಬರ್ ಒಂದು ಬದಿಗೆ ಹರಿದಿತ್ತು. ಶೂಗಳ ಮೇಲೆ ಎಣ್ಣೆ ಇಳಿದು ಒಣಗಿ ಕಪ್ಪಗೆ ಗಟ್ಟಿಯಾಗಿತ್ತು.

ಇವತ್ತಿನ ಕಾರುಗಳಲ್ಲಿ ಬ್ರೇಕ್ ಎಣ್ಣೆಯ ದಾರಿ ಎರಡು ಇರುತ್ತವೆ. ಒಂದು ಸೋರಿದರೆ ಇನ್ನೊಂದು ಕಾಯುತ್ತದೆ. 1951ರ ಡಾಜ್‌ನಲ್ಲಿ ಒಂದೇ ದಾರಿ. ನಾಲ್ಕು ಗಾಲಿಯಲ್ಲಿ ಯಾವ ಒಂದರ ರಬ್ಬರ್ ಹರಿದರೂ ಪೆಡಲ್ ತಳಕ್ಕೆ ಹೋಗುತ್ತದೆ, ನಾಲ್ಕೂ ಬ್ರೇಕ್ ಒಟ್ಟಿಗೆ ಇಲ್ಲ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದೆ. ಅಪ್ಪ ಚಹಾ ಕುಡಿಯುತ್ತಿದ್ದ. 'ಯಾವ ಗಾಲಿದು?' ಎಂದ. 'ಎಡಗಡಿ ಹಿಂದಿಂದು' ಎಂದೆ. ಕಪ್ಪು ಕೆಳಗಿಟ್ಟ. ಅವತ್ತು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅಪ್ಪ ಆ ಗಾಡಿಯ ಕಥೆ ಹೇಳಿದ.

1986. ಅಪ್ಪನಿಗೆ ಇಪ್ಪತ್ತು. ಲೈಸೆನ್ಸ್ ಹೊಸದು. ಹುಣ್ಣಿಮೆ ಗದ್ದಲ ಮುಗಿದ ಮೇಲೆ ಅಜ್ಜಿಯನ್ನು, ತನ್ನ ತಂಗಿಯನ್ನು ಕರೆದುಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದ. ತಂಗಿ ಎಂದರೆ ನನ್ನ ಅತ್ತಿ, ಆಗ ಹದಿನಾಲ್ಕು ವರ್ಷ. ಹಠ ಮಾಡಿ ಮುಂದಿನ ಸೀಟಿನಲ್ಲಿ ಕೂತಿದ್ದಳು.

'ಗುಡ್ಡಾ ಇಳಿಯೂ ಮುಂದ ಒಂದ ಜೀಪು ಹಿಂದಿಂದ ಬಂದು ಕಟ್ ಹೊಡದು ಹೋತು. ಹುಡುಗರು ಕೇಕಿ ಹಾಕಿದ್ರು. ಟಗರ ಹಿಂದ ಬೀಳಬಾರದಂತ ನಾನೂ ಬಿಟ್ಟೆ. ನಿಮ್ಮತ್ತಿ ಚಪ್ಪಾಳಿ ತಟ್ಟಾಕತ್ತಿದ್ಲು. ತಿರುವಿನ್ಯಾಗ ಬ್ರೇಕ್ ತುಳದ್ರ ಪೆಡಲ್ ನೆಲಕ್ಕ ಹೋತು. ಮತ್ತ ತುಳದೆ, ಏನೂ ಇಲ್ಲ. ಹ್ಯಾಂಡ್ ಬ್ರೇಕ್ ಜಗ್ಗಿದೆ, ಸುಟ್ಟ ವಾಸನಿ ಬಂತು, ನಿಲ್ಲಲಿಲ್ಲ. ಹೊಲಕ್ಕ ಇಳಿಸಿದೆ. ಜಾಲಿ ಗಿಡಕ್ಕ ಹೋಗಿ ನಿಂತ್ವಿ.'

ಹ್ಯಾಂಡ್ ಬ್ರೇಕ್ ಯಾಕೆ ಕೈ ಕೊಟ್ಟಿತು ಎನ್ನುವುದು ನನಗೆ ಗೊತ್ತು. ಈ ಗಾಡಿಯಲ್ಲಿ ಅದು ಗಾಲಿಗೆ ಇಲ್ಲ, ಗೇರ್‌ಬಾಕ್ಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಇದೆ. ನಿಂತ ಗಾಡಿ ಹಿಡಿಯಲು ಮಾಡಿದ್ದು, ಇಳಿಜಾರಿನಲ್ಲಿ ಓಡುವ ಒಂದೂವರೆ ಟನ್ ನಿಲ್ಲಿಸಲು ಅಲ್ಲ. ಆದರೆ ಅವತ್ತು ಅದನ್ನು ಹೇಳಲು ಬಾಯಿ ಬರಲಿಲ್ಲ. ನನಗೆ ಗೊತ್ತಿದ್ದದ್ದು ಅತ್ತಿಯ ಕಾಲು. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಾಳೆ. 'ಸಣ್ಣಾಕಿದ್ದಾಗ ಬಿದ್ದಿದ್ಲು' ಎಂದೇ ನಮಗೆ ಹೇಳಿದ್ದರು. ಲೋಹದ ಡ್ಯಾಶ್‌ಬೋರ್ಡಿಗೆ ಮಂಡಿ ಬಡಿದಿತ್ತು. ಎರಡು ಸಲ ಆಪರೇಷನ್ ಆಗಿತ್ತು. ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ರಸ್ತೆಗೆ ಎಳೆದಿದ್ದರು. ಅಜ್ಜ ಒಂದು ಮಾತೂ ಬೈಯಲಿಲ್ಲವಂತೆ. ಗಾಡಿ ಹಿತ್ತಲಿಗೆ ತಂದು ನಿಲ್ಲಿಸಿ, ಕೀಲಿಯನ್ನು ದೇವರ ಜಗಲಿ ಮೇಲೆ ಇಟ್ಟುಬಿಟ್ಟ. ಯಾರೂ ಗಾಲಿ ಬಿಚ್ಚಿ ನೋಡಲಿಲ್ಲ. ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತಲ್ಲ.

ಮಿಸ್ತ್ರಿ ನನ್ನನ್ನು ಹೊರಗೆ ಕರೆದು ಪಿಸುಗುಟ್ಟಿದರು: 'ಹೇಳಿಬಿಡವಾ, ಗಾಡಿದ ತಪ್ಪು, ಹುಡುಗಂದಲ್ಲಂತ. ಮೂವತ್ನಾಕ ವರ್ಷ ಆತು. ಪುಣ್ಯಾ ಬರ್ತೈತಿ.'

ನನಗೂ ಹಾಗೇ ಹೇಳಬೇಕೆನಿಸಿತು. ಆದರೆ ಕೆಲಸದಲ್ಲಿ ನಾನು ಮಾಡುವುದೇ ಇದು, ಮುರಿದ ಭಾಗ ನೋಡಿ ಯಾಕೆ ಮುರಿಯಿತು ಎಂದು ಬರೆಯುವುದು. ಆ ರಬ್ಬರ್ 1986ರ ಆ ತಿರುವಿನಲ್ಲಿ ಹರಿದಿರಬಹುದು. ಗುದ್ದಿದ ಏಟಿಗೆ ಹರಿದಿರಬಹುದು. ಮೂವತ್ತನಾಲ್ಕು ವರ್ಷ ಬಿಸಿಲಲ್ಲಿ ನಿಂತು ತಾನೇ ಒಣಗಿ ಸೀಳಿರಬಹುದು. ನೋಡಿ ಹೇಳಲು ಬರುವುದಿಲ್ಲ. ಪೆಡಲ್ ತಳಕ್ಕೆ ಹೋಯಿತು ಎಂದರೆ ಎಲ್ಲೋ ಒಂದು ಕಡೆ ಎಣ್ಣೆ ಸೋರಿದ್ದಂತೂ ಹೌದು. ಆದರೆ ಜೀಪಿನ ಹಿಂದೆ ಬೀಳದೆ ಮೆಲ್ಲಗೆ ಇಳಿದಿದ್ದರೆ ಗೇರಿನಲ್ಲೇ ನಿಲ್ಲಿಸಬಹುದಿತ್ತೇ? ಅದೂ ಹೌದು.

ರಾತ್ರಿ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡಿದರೆ ಅಪ್ಪ ನಂಬುತ್ತಿದ್ದನೋ ಇಲ್ಲವೋ, ನಾನು ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಅಪ್ಪ ಆ ಹರಿದ ರಬ್ಬರ್ ಬಟ್ಟಲನ್ನು ಬೆರಳಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

'ಪೆಡಲ್ ತಳಕ್ಕ ಹೋದದ್ದು ಖರೆ. ನಾ ಜೋರ ಬಿಟ್ಟದ್ದೂ ಖರೆ. ಎರಡೂ ಇರಲಿ' ಎಂದ. ಆಮೇಲೆ, 'ಇದಕ್ಕ ಆವಾಗ ಎಷ್ಟ ಇದ್ದೀತು? ಐದ ರೂಪಾಯಿ?' ಎಂದು ಕೇಳಿದ.

ಮರುದಿನ ಸಂಜೆ ನಾನು ಹಿತ್ತಲಿಗೆ ಹೋದಾಗ ಅಪ್ಪ ಹಳೇ ಪ್ಯಾಂಟು ಹಾಕಿಕೊಂಡು ಗಾಡಿಯ ಹತ್ತಿರ ಕೂತಿದ್ದ. ಬಲಗಡೆಯ ಡ್ರಮ್ಮಿಗೆ ಪುಲ್ಲರ್ ಹಾಕುತ್ತಿದ್ದ.

ಇನ್ನು ನನ್ನ ಡ್ರ್ಯಾಗ್ ಗಾಡಿಯ ಮಾತು. ಆ ವಾರ ಎಕ್ಸೆಲ್ ಶೀಟ್ ಮತ್ತೆ ತೆಗೆದೆ. ನಮ್ಮ ಡಾಜ್‌ನ ಆರು ಸಿಲಿಂಡರಿನ ಎಂಜಿನ್ 3.6 ಲೀಟರ್ ಹತ್ತಿರ, ಹೊಸದಿದ್ದಾಗ 97 ಅಶ್ವಶಕ್ತಿ. ಚಾಲಕಿ ಸೇರಿ ತೂಕ ಒಂದೂವರೆ ಟನ್. ಲೆಕ್ಕ ಹಾಕಿದರೆ ಕಾಲು ಮೈಲಿಗೆ 20 ಸೆಕೆಂಡಿಗೂ ಮೇಲೆ. ಈಗಿನ ಸಾಧಾರಣ ಪೆಟ್ರೋಲ್ ಕಾರು ಅದನ್ನು ಹಿಂದೆ ಹಾಕುತ್ತದೆ. 12 ಸೆಕೆಂಡಿಗೆ ತರಬೇಕೆಂದರೆ 380 ಅಶ್ವಶಕ್ತಿ ಹತ್ತಿರ ಬೇಕು, ಅಂದರೆ ನಾಲ್ಕು ಪಟ್ಟು. ಅಷ್ಟು ಶಕ್ತಿ ಕೊಡುವ ಎಂಜಿನ್ ಇಟ್ಟರೆ ಹಳೇ ಗೇರ್‌ಬಾಕ್ಸ್ ಪುಡಿಯಾಗುತ್ತದೆ. ಗೇರ್‌ಬಾಕ್ಸ್ ಬದಲಿಸಿದರೆ ಆಕ್ಸಲ್ ತಿರುಚಿಕೊಳ್ಳುತ್ತದೆ. ಆಕ್ಸಲ್ ಬದಲಿಸಿದರೆ ಪಟ್ಟಾ ಸ್ಪ್ರಿಂಗ್ ತಡೆಯುವುದಿಲ್ಲ. ಗಾಡಿ ಬಿಟ್ಟ ಕ್ಷಣ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಮುಂದಿನ ಗಾಲಿ ಏಳುವುದು ಅದಕ್ಕೇ. ಆ ಏಟಿಗೆ ಚಾಸಿ ಬಗ್ಗದಂತೆ ಹೊಸದು ಬೇಕು. ಮಗುಚಿದರೆ ತಲೆ ಉಳಿಯಲು ಒಳಗೆ ಪೈಪಿನ ಪಂಜರ ಬೇಕು. ಎಲ್ಲಾ ಬದಲಿಸಿದ ಮೇಲೆ ಅಜ್ಜನ ಗಾಡಿಯದ್ದು ಉಳಿಯುವುದು ಟಾಪು, ನಾಲ್ಕು ಬಾಗಿಲು ಮತ್ತು ಒಂದು ಟಗರು.

ಇನ್ನೊಂದು ಓದಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿತು. ಅಮೆರಿಕದ ಅತಿ ವೇಗದ ಡ್ರ್ಯಾಗ್ ಗಾಡಿಗಳು ಮೊದಲು ಪೂರ್ತಿ ಕಾಲು ಮೈಲಿ ಓಡುತ್ತಿದ್ದವು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಹೆಸರಾಂತ ಚಾಲಕ ಗೆರೆ ದಾಟಿದ ಮೇಲೆ ಗಾಡಿ ನಿಲ್ಲಿಸಲಾಗದೆ ಟ್ರ್ಯಾಕಿನ ಕೊನೆಯಲ್ಲಿ ಪ್ರಾಣ ಕಳೆದುಕೊಂಡರು. ಆಮೇಲೆ ಆ ಗಾಡಿಗಳ ಓಟವನ್ನು ಸಾವಿರ ಅಡಿಗೆ ಇಳಿಸಿದರು. ಟ್ರ್ಯಾಕ್ ಉದ್ದ ಅಷ್ಟೇ, ಓಡುವ ಪಾಲು ತೆಗೆದು ನಿಲ್ಲುವ ಪಾಲಿಗೆ ಕೊಟ್ಟರು. ಎಂಜಿನ್ ಎಷ್ಟು ದೊಡ್ಡದೋ ಅಷ್ಟು ದಾರಿ ಮೊದಲು ನಿಲ್ಲಲು ಬೇಕು. ನನ್ನ ಶೀಟಿನ ಕೊನೆಯ ಸಾಲನ್ನು ಕತ್ತರಿಸಿ ಮೊದಲ ಸಾಲಿಗೆ ಹಾಕಿದೆ.

ನಿರ್ಧಾರ ಮಾಡುವ ಮೊದಲು ಒಬ್ಬರನ್ನು ಕೇಳಬೇಕಿತ್ತು. ರಾಮದುರ್ಗಕ್ಕೆ ಹೋದೆ. ಅತ್ತಿ ಅಲ್ಲಿ ಕನ್ನಡ ಶಾಲೆಯ ಮಾಸ್ತರಬಾಯಿ. ಗಾಡಿ ಬಿಚ್ಚಿದ್ದನ್ನು, ರಬ್ಬರನ್ನು, ಅಪ್ಪ ಹೇಳಿದ ಕಥೆಯನ್ನು ಎಲ್ಲಾ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

'ನಿಮ್ಮಪ್ಪ ಮೂವತ್ನಾಕ ವರ್ಷ ನನ್ನ ಕಾಲ ನೋಡಕೋತ ಮಾತಾಡ್ಯಾನ. ಒಂದ ದಿನಾನೂ ಮಾರಿ ನೋಡಿ ಮಾತಾಡಿಲ್ಲ. ಜೋರ ಬಿಡಂತ ಕೂಗಿದಾಕಿ ನಾನು. ಆ ಮಾತ ಯಾರೂ ಕೇಳಲಿಲ್ಲ. ಗಾಡಿ ಕೊಯ್ಯಬ್ಯಾಡ. ಓಡೂವಂಗ ಮಾಡು. ಅವನ ಹೊಡೀಬೇಕು.'

ಅಲ್ಲಿಗೆ ಟಗರನ್ನು ಡ್ರ್ಯಾಗ್ ಗಾಡಿ ಮಾಡುವ ಮಾತು ಮುಗಿಯಿತು. ಮುಂದಿನ ವರ್ಷ, 2021ರ ಜುಲೈನಲ್ಲಿ, ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಚಾಸಿ-ಬಾಡಿ-ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ಬೇರೆ ನೋಂದಣಿ, ನಂಬರಿನಲ್ಲಿ 'ವಿಎ' ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಕೊಯ್ದಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. ಅಜ್ಜನ ಹೆಸರಿನ ಹಳೇ ಕಾಗದಪತ್ರ ಹಿಡಿದು ಆ ಕೆಲಸ ಈಗಲೂ ನಡೆದಿದೆ.

ಎರಡು ವರ್ಷ ಹಿಡಿಯಿತು. ನನ್ನ ಬೋನಸ್ ಎಲ್ಲಾ ಹೋಯಿತು. ಕಚ್ಚಿಕೊಂಡಿದ್ದ ಎಂಜಿನ್ನಿಗೆ ಪ್ಲಗ್ಗಿನ ತೂತಿನಿಂದ ಡೀಸೆಲ್ ಹಾಕಿ ವಾರಗಟ್ಟಲೆ ನೆನೆಸಿ ತಿರುಗಿಸಿದೆವು. ಆರು ವೋಲ್ಟ್ ಬ್ಯಾಟರಿ ತಂದು, ನಮ್ಮ ಈಗಿನ ಗಾಡಿಗಳ ಅಭ್ಯಾಸದಲ್ಲಿ ನೆಗೆಟಿವ್ ಅರ್ತ್ ಕೊಡಲು ಹೋಗಿದ್ದೆ. ಇದರದ್ದು ಪಾಸಿಟಿವ್ ಅರ್ತ್ ಎಂದು ಅಪ್ಪನೇ ಕೈ ಹಿಡಿದ. ಬ್ರೇಕಿನಲ್ಲಿ ಮಾತ್ರ ನಾನು ಅಜ್ಜನ ಗಾಡಿಗೆ ನಿಷ್ಠಳಾಗಿ ಉಳಿಯಲಿಲ್ಲ. ಪೈಪು, ಹೋಸು, ರಬ್ಬರ್ ಎಲ್ಲಾ ಹೊಸದು ಹಾಕಿ, ಒಂದು ದಾರಿಯ ಬದಲು ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಕೂಡಿಸಿದೆ. ಮುಂದಿನ ಸೀಟಿಗೆ ಬೆಲ್ಟ್ ಹಾಕಿದೆ. ಹಳೇ ಗಾಡಿ ಸರಿ ಮಾಡಿಸುವ ಆಸೆ ನಿಮಗೂ ಇದ್ದರೆ ನನ್ನದೊಂದೇ ಮಾತು: ಮೊದಲ ರೊಕ್ಕ ಬ್ರೇಕಿಗೆ ಹಾಕಿ, ಬಣ್ಣ ಆಮೇಲೆ.

2022ರ ಯುಗಾದಿಯ ಮರುದಿನ ದೊಡ್ಡಪ್ಪನ ಹೊಲಕ್ಕೆ ಹೋದೆವು. ಎರಿ ಹೊಲ, ನಡುವೆ ಗರಸು ಹಾಕಿದ ನೆಟ್ಟಗಿನ ದಾರಿ. ಟೇಪು ಹಿಡಿದು ಅಳೆದರೆ 450 ಮೀಟರ್ ಮೇಲೆ ಸ್ವಲ್ಪ. ಕಾಲು ಮೈಲಿ ಓಡಿಸಿದರೆ ನಿಲ್ಲಲು ಜಾಗವಿಲ್ಲ. 201 ಮೀಟರಿಗೆ ಸುಣ್ಣದ ಗೆರೆ ಎಳೆದೆ. ಉಳಿದ 250 ನಿಲ್ಲಲಿಕ್ಕೆ. ದಾರಿಯ ಮೇಲೆ ಆಳು, ದನ ಯಾವುದೂ ಬರದಂತೆ ದೊಡ್ಡಪ್ಪನ ಮಕ್ಕಳು ಎರಡೂ ತುದಿಗೆ ನಿಂತರು. ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ತಂದಿದ್ದೆವು.

ಅಪ್ಪ ಕೀಲಿಯನ್ನು ಜಗಲಿ ಮೇಲಿಂದ ತಾನೇ ತಂದಿದ್ದ. ಸ್ಟೀರಿಂಗ್ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತ. ಸ್ಟೀರಿಂಗ್ ಕಂಬಕ್ಕೇ ಇರುವ ಗೇರ್ ಕಡ್ಡಿಯನ್ನು ನೋಡದೇ ಎಳೆದು ಕೆಳಗಿಳಿಸಿ ಫಸ್ಟ್ ಹಾಕಿದ. ಕೈ ಮರೆತಿರಲಿಲ್ಲ. ಅತ್ತಿ ಗೆರೆಯ ಹತ್ತಿರ ನಿಂತು ಸೆರಗು ಎತ್ತಿ ಇಳಿಸಿದಳು. ಅದೇ ನಮ್ಮ ಹಸಿರು ದೀಪ.

ಗಾಲಿ ಏಳಲಿಲ್ಲ, ಹೊಗೆ ಬರಲಿಲ್ಲ. ಗರಸಿನ ಧೂಳೆದ್ದಿತು. 17.4 ಸೆಕೆಂಡ್. ಸುಣ್ಣದ ಗೆರೆ ದಾಟುತ್ತಲೇ ಹಿಂದಿನ ಕೆಂಪು ದೀಪ ಹತ್ತಿತು. ಗಾಡಿ ಎಡಕ್ಕಾಗಲಿ ಬಲಕ್ಕಾಗಲಿ ಎಳೆಯದೆ, ನೆಟ್ಟಗೆ, ಇನ್ನೂ ನೂರೈವತ್ತು ಮೀಟರಿಗೂ ಹೆಚ್ಚು ದಾರಿ ಉಳಿದಿರುವಾಗಲೇ ನಿಂತಿತು. ಅಪ್ಪ ಇಳಿದು ಎಡಗಡೆ ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಳಗೆ ಕೈ ಹಾಕಿ, ಬೆರಳು ಮೂಸಿ ನೋಡಿದ. ಎಣ್ಣೆ ಇರಲಿಲ್ಲ.

ಅತ್ತಿ ಕಾಲೆಳೆಯುತ್ತ ಅಷ್ಟು ದೂರ ನಡೆದು ಹೋಗಿ ಮುಂದಿನ ಬಾಗಿಲು ತೆಗೆದು ಕೂತಳು. ಅಪ್ಪ ಅವಳ ಬೆಲ್ಟ್ ಬಿಗಿ ಮಾಡಿ ಎರಡು ಸಲ ಜಗ್ಗಿ ನೋಡಿದ. 'ಹಗರ ಹೋಗೂಣು' ಎಂದ. 'ಏನ ಹಗರ, ಆಗಿನಂಗ ಬಿಡು' ಎಂದು ಅವಳು ಬೈದಳು. ಅಪ್ಪ ಅವಳ ಮುಖ ನೋಡಿ ನಕ್ಕ. ಹಗುರವಾಗಿಯೇ ಹೋದ.

ಡ್ರ್ಯಾಗ್ ಗಾಡಿ ಕಟ್ಟುವ ಆಸೆ ನನಗೆ ಹೋಗಿಲ್ಲ. ಯಾರದೂ ನೆನಪಿಲ್ಲದ ಒಂದು ಗುಜರಿ ಗಾಡಿ ಹುಡುಕುತ್ತಿದ್ದೇನೆ, ಅದನ್ನು ಕೊಯ್ದು ಟ್ರ್ಯಾಕಿಗೆ ಒಯ್ಯುತ್ತೇನೆ. ಅಪ್ಪ ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಆರಾಮಿದ್ದೀಯಾ ಎಂದು ಕೇಳುವ ಮೊದಲು ಹೇಳುತ್ತಾನೆ: 'ಎಡಗಡಿ ಹಿಂದಿಂದು ನೋಡೀನಿ. ಸೋರಿಲ್ಲ.'